ಮೊಟ್ಟೆಗೆ ಮಣ್ಣು ಮೆತ್ತುವ ಅಪ್ಪ

ಆರಿದ್ರಾ ಮಳೆ ಹಿಡಿದುಕೊಂಡ ರಾತ್ರಿ. ಪಾದ ಮುಳುಗುವಷ್ಟೇ ನೀರಿರುವ ಸಣ್ಣ ಹಳ್ಳ. ನೀರಿನ ಮೇಲೆ ಬಾಗಿದ ಒಂದು ಕಡ್ಡಿ, ಆ ಕಡ್ಡಿಯಲ್ಲಿ ಒಂದು ಜೋಡಿ ಕಪ್ಪೆ. ಇದರಲ್ಲೇನು ವಿಶೇಷ, ಮಳೆಗಾಲದಲ್ಲಿ ಕಪ್ಪೆ ಜೋಡಿಯಾಗದೆ ಇನ್ಯಾವಾಗ ಆದೀತು ಎನ್ನುತ್ತೀರಾ? ಸ್ವಲ್ಪ ತಡೆಯಿರಿ. ಕಪ್ಪೆಗಳು ತಲೆಕೆಳಗಾಗುತ್ತಿವೆ! ಮುಂಗಾಲು ಊರಿ, ಹಿಂಗಾಲು ಮೇಲೆತ್ತಿ, ಹೊಟ್ಟೆಯನ್ನು ಆಕಾಶಕ್ಕೆ ಮಾಡಿ ನಿಂತಿವೆ. ಆ ಭಂಗಿಯಲ್ಲೇ ಹೆಣ್ಣು ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಕಡ್ಡಿಗೆ ಅಂಟಿಕೊಳ್ಳುತ್ತವೆ. ಕೆಲಸ ಮುಗಿಸಿದ ಹೆಣ್ಣು ಕತ್ತಲಿಗೆ ಸರಿದುಹೋಗುತ್ತದೆ.

ಕಥೆ ಶುರುವಾಗುವುದೇ ಇಲ್ಲಿಂದ. ಗಂಡು ಹೋಗುವುದಿಲ್ಲ. ಹಳ್ಳದ ತಳಕ್ಕೆ ಬಾಗಿ ಎರಡೂ ಕೈಯಲ್ಲಿ ಕೆಸರು ಬಾಚುತ್ತದೆ. ಹಿಂಗಾಲ ಮೇಲೆ ನೆಟ್ಟಗೆ ನಿಲ್ಲುತ್ತದೆ. ಬಾಚಿದ ಕೆಸರನ್ನು ಮೊಟ್ಟೆಗಳ ಮೇಲೆ ಒತ್ತಿ ಸವರುತ್ತದೆ. ಮತ್ತೆ ಬಾಗುತ್ತದೆ, ಮತ್ತೆ ಬಾಚುತ್ತದೆ, ಮತ್ತೆ ಮೆತ್ತುತ್ತದೆ. ಒಂದು ಮೊಟ್ಟೆಯೂ ಹೊರಗೆ ಕಾಣದ ಹಾಗೆ ಹೊದಿಕೆ ಬೀಳುವವರೆಗೂ ಈ ಕಸುಬು ನಡೆಯುತ್ತದೆ. ಬೆಳಗ್ಗೆ ಅಲ್ಲಿಗೆ ಹೋದವರಿಗೆ ಕಾಣುವುದು ಕಡ್ಡಿಗೆ ಅಂಟಿದ ಒಂದಿಷ್ಟು ಕೆಸರು, ಅಷ್ಟೇ. ಅದರೊಳಗೆ ಒಂದು ಸಂಸಾರ ಇದೆಯೆಂದು ಯಾರಿಗೆ ತಾನೇ ಹೊಳೆದೀತು!

ದಕ್ಷಿಣ ಅಮೆರಿಕದಲ್ಲಿ ಮೊಟ್ಟೆ ಇಡುವುದಕ್ಕೆ ಮಣ್ಣಿನ ತೊಟ್ಟಿ ಕಟ್ಟುವ ಕಪ್ಪೆಗಳಿವೆ. ನೊರೆಯ ಗೂಡು ಕಟ್ಟುವವು ನಮ್ಮಲ್ಲೂ ಇವೆ. ಆದರೆ ಮೊಟ್ಟೆಗೇ ಮಣ್ಣು ಮೆತ್ತಿ ಕಾಪಾಡುವ ಕಪ್ಪೆ ಜಗತ್ತಿಗೆ ಗೊತ್ತಿರಲಿಲ್ಲ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಇದನ್ನು ಹೊಸ ಪ್ರಭೇದವೆಂದು ಪ್ರಕಟಿಸಿದರು. ಲ್ಯಾಟಿನ್ ಹೆಸರು ನಿಕ್ಟಿಬಟ್ರಾಕಸ್ ಕುಂಬಾರ. ಹೌದು, ನಮ್ಮ ಕುಂಬಾರನೇ! ಮಣ್ಣು ಹದಮಾಡಿ ಮಡಕೆ ತಟ್ಟುವ ಕಸುಬಿನವರ ಹೆಸರು ಜಗತ್ತಿನ ಪ್ರಾಣಿಶಾಸ್ತ್ರದ ದಾಖಲೆ ಸೇರಿತು. ಕಪ್ಪೆ ಸಿಕ್ಕಿದ್ದು ಅಮೆಜಾನಿನ ನಟ್ಟಡವಿಯಲ್ಲಲ್ಲ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ. ಜೋಗ ನೋಡಿಕೊಂಡು, ಮಾವಿನಗುಂಡಿಯಲ್ಲಿ ಚಹಾ ಕುಡಿದು, ಹೊನ್ನಾವರದ ಕಡೆ ಘಟ್ಟ ಇಳಿಯುತ್ತೀರಲ್ಲ, ಆ ಹೆದ್ದಾರಿಯ ಮಗ್ಗುಲಿನ ಕಾಡು ಅದು. ಎಷ್ಟು ಸಾವಿರ ಬಸ್ಸುಗಳು ಅದನ್ನು ಹಾದುಹೋಗಿವೆಯೋ! ತಿರುವುಗಳಲ್ಲಿ ಹೊಟ್ಟೆ ತೊಳಸಿ ಕಿಟಕಿಗೆ ತಲೆಯಾನಿಸಿದ ಎಷ್ಟು ಜನರ ಕಿವಿಯ ಮುಂದೆಯೇ ಆ ಗಂಡುಕಪ್ಪೆ ಟೊಕ್, ಟೊಕ್ ಎಂದು ಕರೆದಿದೆಯೋ!

ಕುಂಬಾರ ಕಪ್ಪೆ ಒಂಟಿಯಲ್ಲ, ದೊಡ್ಡ ಮನೆತನದ ಕುಡಿ. ನಿಕ್ಟಿಬಟ್ರಾಕಸ್, ಅಂದರೆ ಇರುಳುಗಪ್ಪೆಗಳ ಈ ಕುಲ ಪಶ್ಚಿಮ ಘಟ್ಟ ಬಿಟ್ಟು ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಇದರ ಬೇರು ಏಳೆಂಟು ಕೋಟಿ ವರ್ಷ ಹಿಂದಕ್ಕೆ ಹೋಗುತ್ತದೆ. ಅಂದರೆ ನೆಲದ ಮೇಲೆ ಡೈನೋಸಾರುಗಳು ಇನ್ನೂ ತಿರುಗುತ್ತಿದ್ದ ಕಾಲ, ಭಾರತ ಎಂಬ ನೆಲದ ತುಂಡು ಏಷ್ಯಾಕ್ಕೆ ಬಂದು ತಾಗದೆ ಸಮುದ್ರದಲ್ಲಿ ಬಡಗಣಕ್ಕೆ ಸರಿಯುತ್ತಿದ್ದ ಕಾಲ. ಹಿಮಾಲಯ ಹುಟ್ಟಿರಲಿಲ್ಲ, ಇರುಳುಗಪ್ಪೆಗಳ ಹಿರಿಯರು ಹುಟ್ಟಿದ್ದರು! ಇಷ್ಟು ಹಳೆಯ ಕುಲದಲ್ಲಿ ಈಗಲೂ ಹೊಸಬರು ಸಿಗುತ್ತಲೇ ಇದ್ದಾರೆ. 2011ರಲ್ಲಿ ಎಸ್.ಡಿ. ಬಿಜು ತಂಡ ಒಂದೇ ಸಲಕ್ಕೆ ಹನ್ನೆರಡು ಹೊಸ ಇರುಳುಗಪ್ಪೆಗಳನ್ನು ಲೋಕಕ್ಕೆ ತೋರಿಸಿತು. 2017ರಲ್ಲಿ ಇನ್ನೂ ಏಳು ಬಂದವು. ಅವುಗಳಲ್ಲಿ ನಾಲ್ಕು, ಹೆಬ್ಬೆರಳ ಉಗುರಿನ ಮೇಲೆ ಕೂರುವಷ್ಟು ಚಿಕ್ಕವು. ಅತಿ ಚಿಕ್ಕದರ ಉದ್ದ ಬರೀ 12.2 ಮಿಲಿಮೀಟರ್. ಮಹಾರಾಷ್ಟ್ರದ ಕಡೆಯ ಇನ್ನೊಂದು ನೆಂಟ ಜೋಡಿಯಾಗುವ ಭಂಗಿಯೇ ಬೇರೆ. ಕಪ್ಪೆಲೋಕದಲ್ಲಿ ಅಂಥ ಭಂಗಿ ಇದೆಯೆಂದು 2016ರವರೆಗೆ ಯಾರೂ ಬರೆದಿರಲಿಲ್ಲ. ಪ್ರತಿ ಹಳ್ಳಕ್ಕೂ ಒಂದೊಂದು ಗುಟ್ಟು!

ಗುಟ್ಟು ದಟ್ಟ ಕಾಡಿನಲ್ಲಷ್ಟೇ ಇರುತ್ತದೆ ಎಂದುಕೊಂಡರೆ ಅದೂ ತಪ್ಪು. ಮಣಿಪಾಲದ ಮುರಕಲ್ಲಿನ ಪದವಿನಲ್ಲಿ ಒಂದು ಪುಟಾಣಿ ಕಪ್ಪೆ ಸಿಕ್ಕಿತು, ಆ ಕಲ್ಲಿನ ಹೆಸರನ್ನೇ ಅದಕ್ಕೆ ಇಟ್ಟರು. ಮಂಗಳೂರಿನ ಕೈಗಾರಿಕಾ ಪ್ರದೇಶದಲ್ಲಿ, ಹಿಂದೆ ಮರದ ದಿಮ್ಮಿ ಪೇರಿಸುತ್ತಿದ್ದ ಜಾಗದಲ್ಲಿ ಇನ್ನೊಂದು ಸಿಕ್ಕಿತು, ಅದು ಕೊಡಿಯಾಲದ ಕಪ್ಪೆಯಾಯಿತು. ಇವೆಲ್ಲಕ್ಕಿಂತ ನನಗೆ ಖುಷಿ ಕೊಡುವುದು ಕರಾವಳಿ ಕಪ್ಪೆಯ ಕಥೆ. ಉತ್ತರ ಕನ್ನಡದ ಕರಾವಳಿಯಲ್ಲಿ ಅರಣ್ಯ ರಕ್ಷಕರೊಬ್ಬರಿಗೆ ಒಂದು ಕೂಗು ಕೇಳಿಸಿತು. ಮಿಂಚುಳ್ಳಿಯ ದನಿಯ ಹಾಗಿತ್ತು. ಆದರೆ ರಾತ್ರಿ ಹೊತ್ತಿನಲ್ಲಿ ಮಿಂಚುಳ್ಳಿ ಯಾಕೆ ಕೂಗೀತು? ಆ ಸಂಶಯ ಅವರನ್ನು ಸುಮ್ಮನಿರಲು ಬಿಡಲಿಲ್ಲ. ಹುಡುಕಿ ನೋಡಿದರೆ ಕೂಗುತ್ತಿದ್ದುದು ನೀರಿನಲ್ಲಿ ತೇಲುವ ಕಪ್ಪೆ, ವಿಜ್ಞಾನಕ್ಕೇ ಹೊಸದು! 2016ರಲ್ಲಿ ಅದು ಕರಾವಳಿ ಎಂಬ ಹೆಸರಿನಿಂದ ಪ್ರಕಟವಾಯಿತು, ಆ ರಕ್ಷಕರೂ ಲೇಖಕರಲ್ಲಿ ಒಬ್ಬರಾದರು. ಭತ್ತದ ಗದ್ದೆಯ ಬದಿಯಲ್ಲಿ, ಊರಿನ ಕೆರೆಯಲ್ಲಿ ಎಷ್ಟೋ ತಲೆಮಾರಿನಿಂದ ಕೂಗುತ್ತಿದ್ದ ಪ್ರಾಣಿಗೆ ಹೆಸರು ಸಿಗಲು ಒಂದು ಜೊತೆ ಚುರುಕು ಕಿವಿ ಬೇಕಾಯಿತು.

ಈಗ ಕತ್ತಲೆಕಾನಿಗೆ ಹೊರಳೋಣ. ಕುಂಬಾರನ ಮನೆ ನೋಡದೆ ಕುಂಬಾರ ಅರ್ಥವಾಗುವುದಿಲ್ಲ.

ಮನೆ ಎಂದರೆ ರಾಮಪತ್ರೆ ಜಡ್ಡಿ. ಘಟ್ಟದ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ವರ್ಷವಿಡೀ ಒದ್ದೆಯಾಗಿರುವ ನೆಲ. ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವ ಕಪ್ಪು ಕೆಸರು. ಸಾಮಾನ್ಯ ಮರ ಇಲ್ಲಿ ಬದುಕದು, ಬೇರಿಗೆ ಉಸಿರು ಸಿಕ್ಕದೆ ಸಾಯುತ್ತದೆ. ಜಾಯಿಕಾಯಿಯ ಕಾಡುನೆಂಟರು ಮಾತ್ರ ಇಲ್ಲಿ ರಾಜ್ಯವಾಳುತ್ತಾರೆ. ಹೇಗೆ? ಬೇರನ್ನೇ ಕೆಸರಿನಿಂದ ಮೇಲೆ ಎತ್ತಿ! ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಂಬ ಮರ ಕಾಂಡದ ಸುತ್ತ ಊರುಗೋಲುಗಳಂಥ ಬೇರುಗಳನ್ನು ಇಳಿಬಿಟ್ಟು ನೀರಿನ ಮೇಲೆ ನಿಲ್ಲುತ್ತದೆ. ಜಿಮ್ನಕ್ರಾಂಥೆರಾ ಕನಾರಿಕಾ ಎಂಬುದು ಕೆಸರಿನಿಂದ ಬೇರನ್ನು ಮೇಲಕ್ಕೆ ಹಾಯಿಸಿ, ಮೊಣಕಾಲು ಮಡಚಿದ ಹಾಗೆ ಬಗ್ಗಿಸಿ, ಮತ್ತೆ ಕೆಸರಿಗೆ ಇಳಿಸುತ್ತದೆ. ಆ ಮೊಣಕಾಲುಗಳ ಸಿಪ್ಪೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಮರ ಉಸಿರಾಡುವುದು ಅಲ್ಲಿಂದ. ನೂರಾರು ಮೊಣಕಾಲುಗಳು ಎದ್ದುನಿಂತ ಆ ನೆಲವನ್ನು ಮೊದಲ ಸಲ ನೋಡಿದವರಿಗೆ ಕಾಡೇ ಎದ್ದು ನಡೆಯಲು ಹೊರಟಿದೆ ಅನ್ನಿಸಿದರೆ ಅಚ್ಚರಿಯಿಲ್ಲ.

ಹೂಬಿಡುವ ಗಿಡಗಳ ವಂಶವೃಕ್ಷದಲ್ಲಿ ಈ ಮರಗಳದು ಬಹಳ ಹಳೆಯ ಕವಲು. ಅವುಗಳ ಬೀಜವೋ, ಮಹಾ ಸುಕುಮಾರಿ. ಭತ್ತ, ರಾಗಿಯ ಬೀಜವನ್ನು ಒಣಗಿಸಿ ಕಣಜದಲ್ಲಿ ಇಡಬಹುದು. ಇದನ್ನು ಒಣಗಿಸಿದರೆ ಸತ್ತೇಹೋಗುತ್ತದೆ. ಬಿದ್ದ ಕೆಲವೇ ದಿನಗಳಲ್ಲಿ ಒದ್ದೆ ನೆರಳು ಸಿಗಬೇಕು. ಕೆಂಪು ಪತ್ರೆ ಸುತ್ತಿದ ಈ ಬೀಜಗಳಿಗಾಗಿ ಮಂಗಟ್ಟೆ ಹಕ್ಕಿಗಳು ಬರುತ್ತವೆ, ಸಿಂಗಳೀಕಗಳು ಬರುತ್ತವೆ. ಸಿಂಹದ ಬಾಲ, ಬೂದು ಕೇಸರವಿರುವ ಆ ಕಪ್ಪು ಕೋತಿ ಘಟ್ಟದ ಉದ್ದಕ್ಕೂ ಚೂರುಚೂರು ಕಾಡಿನಲ್ಲಿ ಉಳಿದುಕೊಂಡಿದೆ. ಅದರ ನೆಲೆಯ ಉತ್ತರದ ತುದಿ ಈ ಸಿದ್ದಾಪುರ, ಹೊನ್ನಾವರದ ಕಾಡು.

ಕತ್ತಲೆಕಾನು ಇನ್ನೂ ಏನೇನನ್ನು ಬಚ್ಚಿಟ್ಟುಕೊಂಡಿತ್ತು ನೋಡಿ. 2000ದಲ್ಲಿ ಗೇರಿನ ಬಳಗದ, ಎತ್ತರದ ಹೊಸ ಮರವೊಂದು ಇಲ್ಲಿ ಪತ್ತೆಯಾಯಿತು. ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಕಪ್ಪೆಯಾದರೆ ಸರಿ, ಅಂಗೈಯಷ್ಟು ಪ್ರಾಣಿ, ಕತ್ತಲಲ್ಲಿ ಅಡಗುತ್ತದೆ. ಮರ! ಆಕಾಶಕ್ಕೆ ಬೆಳೆದ ಮರ, ಹೆದ್ದಾರಿಯಿಂದ ಸ್ವಲ್ಪವೇ ದೂರದಲ್ಲಿ ಇಪ್ಪತ್ತನೇ ಶತಮಾನ ಮುಗಿಯುವವರೆಗೂ ಯಾವ ಸಸ್ಯಶಾಸ್ತ್ರಜ್ಞರ ಕಣ್ಣಿಗೂ ಬೀಳದೆ ನಿಂತಿತ್ತು. ಬೆಳೆದ ಮರಗಳು ನೂರನ್ನೂ ದಾಟಲಾರವು ಎಂಬುದು ಆಗಿನ ಲೆಕ್ಕ. ಅದಾದ ಕೆಲವು ವರ್ಷಕ್ಕೆ ಎಂ.ಡಿ. ಸುಭಾಷ್‌ಚಂದ್ರನ್ ಮತ್ತು ಸಂಗಡಿಗರು ಇಲ್ಲಿನ ಕಾಡುಗಳಲ್ಲಿ ಇನ್ನೆರಡು ಮರಗಳನ್ನು ಗುರುತಿಸಿದರು. ಒಂದು ನೇರಳೆಯ ಬಳಗದ್ದು, ಇನ್ನೊಂದು ಹಿಪ್ಪೆಯ ಬಳಗದ್ದು. ಎರಡೂ ದೂರದ ತಿರುವಾಂಕೂರಿನ ಕಾಡಿನವು ಎಂದೇ ಎಲ್ಲರೂ ನಂಬಿದ್ದರು. ನೂರಾರು ಕಿಲೋಮೀಟರ್ ಉತ್ತರಕ್ಕೆ, ಈ ಜಡ್ಡಿಯ ಆಸುಪಾಸಿನಲ್ಲಿ ಅವು ಹೇಗೆ ಬಂದವು? ಬಂದದ್ದಲ್ಲ, ಉಳಿದದ್ದು. ಒಂದು ಕಾಲದಲ್ಲಿ ಘಟ್ಟದುದ್ದಕ್ಕೂ ಇಂಥ ಒದ್ದೆ ಕಾಡು ಹಬ್ಬಿದ್ದಿರಬೇಕು. ನಡುವಿನದೆಲ್ಲ ಹೋಗಿ, ತುಣುಕುಗಳು ಮಾತ್ರ ಅಲ್ಲಲ್ಲಿ ನಿಂತಿವೆ.

ಎಲ್ಲ ಅಚ್ಚರಿಗಳ ತಾಯಿ ಇಲ್ಲಿನ ನೀರು. ಘಟ್ಟದಲ್ಲಿ ಮಳೆ ಸುರಿಯುವುದು ನಾಲ್ಕು ತಿಂಗಳು. ಉಳಿದ ಎಂಟು ತಿಂಗಳು ಆಕಾಶ ಹೆಚ್ಚುಕಡಿಮೆ ಬರಿದು. ಆದರೂ ಏಪ್ರಿಲ್ ತಿಂಗಳ ಉರಿಯಲ್ಲಿ ಜಡ್ಡಿಯ ಹಳ್ಳ ಹರಿಯುತ್ತಲೇ ಇರುತ್ತದೆ. ಎಲ್ಲಿಂದ ಬಂತು ನೀರು? ಮೇಲಿನ ಗುಡ್ಡದ ಕಾಡಿನಿಂದ. ಎಲೆಗೊಬ್ಬರದ ಸಡಿಲ ಮಣ್ಣು, ಬೇರಿನ ಬಲೆ, ಗೆದ್ದಲು ಕೊರೆದ ಬಿಲ ಎಲ್ಲವೂ ಸೇರಿ ಆಷಾಢದ ಮಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತವೆ, ತಿಂಗಳುಗಟ್ಟಲೆ ಹನಿಹನಿಯಾಗಿ ಕೆಳಗೆ ಬಿಡುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಈ ಸೀಮೆಯ ಹಳ್ಳಗಳನ್ನು ವರ್ಷಗಟ್ಟಲೆ ಅಳೆದು ಕಂಡುಕೊಂಡದ್ದು ಇದನ್ನೇ. ಹಳ್ಳಕ್ಕೆ ನೀರು ಬಸಿಯುವ ನೆಲದಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಭಾಗ ಇಲ್ಲಿನದೇ ಜಾತಿಯ ಮರಗಳ ಕಾಡಾಗಿದ್ದರೆ ಹಳ್ಳ ವರ್ಷವಿಡೀ ಹರಿಯುತ್ತದೆ. ಒಂದೇ ಜಾತಿಯ ನೆಡುತೋಪಾಗಿದ್ದರೆ ಬೇಸಿಗೆಗೆ ಮುಂಚೆಯೇ ಸೊರಗುತ್ತದೆ. ಗುಡ್ಡ ಬೋಳಾಗಿದ್ದರೆ ಮಳೆಗಾಲ ಮುಗಿದ ಮೇಲೆ ಹೆಚ್ಚು ದಿನ ಬಾಳುವುದಿಲ್ಲ. ಒಂದೇ ಮೋಡದ ಮಳೆ, ಒಂದೇ ಸೀಮೆಯ ಗುಡ್ಡ. ವ್ಯತ್ಯಾಸ ಮೇಲೆ ನಿಂತ ಮರದ್ದು!

ಮಲೆನಾಡಿನ ಮನೆಯವರಿಗೆ ಈ ಲೆಕ್ಕ ಹೊಸದಲ್ಲ. ಅವರ ಹಿತ್ತಿಲಿಗೆ ಬರುವ ಅಬ್ಬಿ ನೀರು ಇದೇ. ಹಿಂದೆ ಅಡಿಕೆಮರದ ದಬ್ಬೆಯಲ್ಲಿ ಹರಿದು ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ ಬರುತ್ತದೆ. ಪಂಪಿಲ್ಲ, ಕರೆಂಟಿಲ್ಲ, ಬಿಲ್ಲಿಲ್ಲ. ಗುಡ್ಡದ ಮೇಲಿನ ಒರತೆ ತಾನಾಗಿ ಇಳಿದು ಕೊಟ್ಟಿಗೆಯ ಬಾನಿಗೆ ಬೀಳುತ್ತದೆ, ತೋಟಕ್ಕೆ ಹೋಗುತ್ತದೆ. ಕಪ್ಪೆ ಕೆಸರು ಬಾಚುವ ನೀರೂ ಅಡಿಕೆ ಬೇಯಿಸುವ ಹಂಡೆಯ ನೀರೂ ಒಂದೇ ಬೆಟ್ಟದ್ದು. ಈಚೆಗೆ ಹಲವೆಡೆ ಮಾರ್ಚ್ ತಿಂಗಳಿಗೇ ಅಬ್ಬಿ ಬತ್ತುತ್ತಿದೆ, ಮಲೆನಾಡಿನ ಅಂಗಳದಲ್ಲಿ ಬೋರ್‌ವೆಲ್ ಲಾರಿ ನಿಲ್ಲುತ್ತಿದೆ. ನಮ್ಮ ಅಜ್ಜಂದಿರು ಕನಸಿನಲ್ಲೂ ಕಾಣದ ನೋಟ ಇದು.

ಮೊಟ್ಟೆಗೆ ಮಣ್ಣೇಕೆ ಎಂಬ ಪ್ರಶ್ನೆಯನ್ನು ಈಗ ಎತ್ತಿಕೊಳ್ಳಬಹುದು. ಕಪ್ಪೆಯ ಮೊಟ್ಟೆಗೆ ಕೋಳಿಮೊಟ್ಟೆಯ ಹಾಗೆ ಚಿಪ್ಪಿಲ್ಲ, ಬರೀ ಲೋಳೆ. ಅದನ್ನು ನೀರಿನಲ್ಲಿ ಇಟ್ಟರೆ ಮೀನು, ಏಡಿ, ಹುಳುಗಳ ಬಾಯಿಗೆ ತುತ್ತು. ನೀರಿನಿಂದ ಮೇಲೆ ಇಟ್ಟರೆ ಒಣಗುವ ಭಯ. ಕುಂಬಾರ ಕಪ್ಪೆ ಮೇಲೆ ಇಡುವ ದಾರಿ ಹಿಡಿಯಿತು, ಒಣಗದಂತೆ ಒದ್ದೆ ಮಣ್ಣಿನ ಕಂಬಳಿ ಹೊದಿಸಿತು. ಆ ಕಂಬಳಿ ಶತ್ರುಗಳ ಕಣ್ಣನ್ನೂ ತಪ್ಪಿಸುತ್ತದೆ. ವಿಜ್ಞಾನಿಗಳ ಊಹೆ ಹೀಗಿದೆ, ನನಗೂ ಒಪ್ಪಿಗೆಯಾಗುತ್ತದೆ. ಮೊಟ್ಟೆಯೊಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ, ಅಲ್ಲಿ ಬೆಳೆಯುತ್ತವೆ.

ಎಷ್ಟು ನಾಜೂಕಿನ ಏರ್ಪಾಡು! ನೀರು ಪಾದ ಮುಳುಗುವಷ್ಟಿರಬೇಕು, ಹೆಚ್ಚಾದರೆ ಕಡ್ಡಿಯೇ ಮುಳುಗುತ್ತದೆ. ಹರಿವು ಮೆಲ್ಲಗಿರಬೇಕು, ರಭಸವಾದರೆ ತಳದ ಕೆಸರೆಲ್ಲ ಕೊಚ್ಚಿಹೋಗಿ ಬರೀ ಕಲ್ಲು ಉಳಿಯುತ್ತದೆ. ಮೇಲೆ ನೆರಳಿರಬೇಕು, ಗಾಳಿ ತೇವವಾಗಿರಬೇಕು, ಮಳೆ ಬಿಟ್ಟು ಬಿಟ್ಟಾದರೂ ಬರುತ್ತಲೇ ಇರಬೇಕು. ಮಿರ್ಗದಲ್ಲಿ ಹಿಡಿದ ಮಳೆ ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರ ಬದಲಿಸುತ್ತ ಹದವಾಗಿ ಸುರಿಯುತ್ತಿದ್ದ ಮುಂಗಾರಿಗೆ ಹೊಂದಿಕೊಂಡು ರೂಪುಗೊಂಡ ಕಸುಬು ಇದು.

ಆ ಮುಂಗಾರು ಈಗ ಎಲ್ಲಿದೆ? 2023ರ ನೆನಪು ಮಾಡಿಕೊಳ್ಳಿ. ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ಅದೇ ಹೊತ್ತಿಗೆ ಅರಬ್ಬಿ ಸಮುದ್ರದಲ್ಲಿ ಬಿಪರ್‌ಜಾಯ್ ಚಂಡಮಾರುತ ಎದ್ದು ತೇವವನ್ನೆಲ್ಲ ತನ್ನತ್ತ ಎಳೆದುಕೊಂಡಿತು. ಮಿರ್ಗ ಒಣಗಿತು. ಜುಲೈಯಲ್ಲಿ ಹೊಡೆದು ಸುರಿಯಿತು. ಆಗಸ್ಟ್ ಮತ್ತೆ ಒಣ. 1901ರಿಂದ ಇಟ್ಟ ಲೆಕ್ಕದಲ್ಲಿ ದೇಶ ಕಂಡ ಅತಿ ಒಣ ಆಗಸ್ಟ್ ಅದು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಬೇಕಾಯಿತು, ಆ ಪಟ್ಟಿಯಲ್ಲಿ ಮಲೆನಾಡಿನ ತಾಲ್ಲೂಕುಗಳೂ ಇದ್ದವು! ಮರುವರ್ಷ ನೋಡಿದರೆ ಕಥೆ ತಿರುವುಮುರುವು. 2024ರ ಜುಲೈ 16ರಂದು ಇದೇ ಜಿಲ್ಲೆಯ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಗಂಗಾವಳಿ ನದಿಗೆ ನೂಕಿತು. ಎರಡು ವಾರ ಕಳೆಯುವುದರೊಳಗೆ ವಯನಾಡಿನಲ್ಲೂ ಗುಡ್ಡ ಕುಸಿಯಿತು. ಮಳೆಯ ಒಟ್ಟು ಮೊತ್ತಕ್ಕಿಂತ ಅದು ಬರುವ ರೀತಿ ಕೆಟ್ಟಿದೆ. ಬಾರದೆ ಕಾಡುತ್ತದೆ, ಬಂದರೆ ಮುಳುಗಿಸುತ್ತದೆ. ಮಣ್ಣಿನ ಕಂಬಳಿ ಹೊದ್ದ ಮೊಟ್ಟೆಗಳ ಗತಿ ಈ ಎರಡರ ನಡುವೆ ಏನಾದೀತೆಂದು ಹೇಳಲು ಪಂಡಿತರೇ ಬೇಕಿಲ್ಲ.

ಇದು ಒಂದು ಕಪ್ಪೆಯ ಸಂಕಟವಾಗಿದ್ದರೆ ಮರುಗಿ ಸುಮ್ಮನಾಗಬಹುದಿತ್ತು. 2023ರ ಅಕ್ಟೋಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಜಗತ್ತಿನ ಉಭಯಚರಗಳ ಜಾತಕವೇ ಪ್ರಕಟವಾಯಿತು. 8,011 ಪ್ರಭೇದಗಳನ್ನು ಪರಿಶೀಲಿಸಿದರು. ಐದರಲ್ಲಿ ಎರಡು ಅಳಿವಿನ ಅಂಚಿನಲ್ಲಿವೆ. ಹಕ್ಕಿ, ಸಸ್ತನಿ, ಸರೀಸೃಪ ಯಾವುದರ ಪಾಡೂ ಇಷ್ಟು ಕೆಟ್ಟಿಲ್ಲ. ಅದಕ್ಕಿಂತ ಬೆಚ್ಚಿಬೀಳಿಸುವ ಮಾತು ಇನ್ನೊಂದಿದೆ. 2004ರಿಂದ ಈಚೆಗೆ ಯಾವ ಪ್ರಭೇದಗಳ ಸ್ಥಿತಿ ಮೊದಲಿಗಿಂತ ಹದಗೆಟ್ಟಿತೋ, ಅವುಗಳಲ್ಲಿ ಶೇಕಡಾ 39ರಷ್ಟಕ್ಕೆ ಮುಖ್ಯ ಕಾರಣ ಹವಾಮಾನ ಬದಲಾವಣೆ. ನೆಲೆ ಕಳೆದುಕೊಂಡದ್ದರ ಪಾಲು ಶೇಕಡಾ 37. ಕೊಡಲಿಯನ್ನು ಬಿಸಿಲು ಹಿಂದೆ ಹಾಕಿದೆ! ಪಶ್ಚಿಮ ಘಟ್ಟ ಈ ಸಂಕಟದ ಮುಖ್ಯ ತಾಣಗಳಲ್ಲಿ ಒಂದು.

ಬಿಸಿ ಹೆಚ್ಚಾದರೆ ಪ್ರಾಣಿಗಳು ಬೆಟ್ಟ ಹತ್ತುತ್ತವೆ, ತಂಪು ಹುಡುಕಿಕೊಳ್ಳುತ್ತವೆ ಎಂದು ಪುಸ್ತಕಗಳು ಹೇಳುತ್ತವೆ. ಆನೆಮಲೆ, ನೀಲಗಿರಿಯಲ್ಲಿ ಎರಡು ಸಾವಿರ ಮೀಟರ್ ದಾಟಿದ ಶಿಖರಗಳಿವೆ, ಅಲ್ಲಿ ಆದೀತು. ಸಿದ್ದಾಪುರದಲ್ಲಿ ಹತ್ತುವುದೆಲ್ಲಿಗೆ? ಇಲ್ಲಿ ಸಹ್ಯಾದ್ರಿ ಗಿಡ್ಡ, ಆರುನೂರು ಮೀಟರಿನ ಆಸುಪಾಸಿಗೆ ಬೆಟ್ಟ ಮುಗಿದೇಹೋಗುತ್ತದೆ. ಮೇಲೆ ಇರುವುದು ಬ್ಯಾಣ, ಗದ್ದೆ, ತೋಟ, ಊರು. ಸಿಂಗಳೀಕಕ್ಕೆ ಕಾಲಿದೆ, ಮಂಗಟ್ಟೆಗೆ ರೆಕ್ಕೆಯಿದೆ. ಜಡ್ಡಿ ಬೆಟ್ಟ ಹತ್ತುವುದಿಲ್ಲ. ಅದು ಕಣಿವೆಯ ತಳದ ಸೊತ್ತು, ಅಲ್ಲಿ ಇದ್ದರೆ ಉಂಟು, ಇಲ್ಲವಾದರೆ ಇಲ್ಲ.

ಜಡ್ಡಿಗಳು ಕರಗಿದ್ದು ಹವಾಮಾನದಿಂದಲ್ಲ ಎಂಬುದನ್ನೂ ಹೇಳಲೇಬೇಕು. ಕಣಿವೆಯ ತಳ, ಸಮತಟ್ಟು, ವರ್ಷವಿಡೀ ನೀರು. ಭತ್ತದ ಗದ್ದೆಗೆ, ಅಡಿಕೆ ತೋಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಉಂಟೇ? ಶತಮಾನಗಳಿಂದ ಬಸಿಗಾಲುವೆ ತೋಡಿ ನೀರು ಇಳಿಸಿ ಸಾಗುವಳಿ ಮಾಡುತ್ತ ಬಂದಿದ್ದೇವೆ. ಈಗ ಉಳಿದವುಗಳಲ್ಲಿ ಹಲವು ಉಳಿದದ್ದು ಚೌಡಿಯ ಬನ, ಜಟಕನ ಬನ, ಭೂತನ ಕಾನು ಎಂಬ ಭಯಭಕ್ತಿಯಿಂದ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರಲ್ಲ, ಆ ಮೆಣಸಿನ ಬಳ್ಳಿಗೆ ನೆರಳೂ ತೇವವೂ ಇದ್ದ ಇಂಥ ಕಾನುಗಳೇ ಮನೆ. ಕಾಡು ಉಳಿಸಿದರೆ ಹಣ ಬರುತ್ತದೆ ಎಂಬುದು ನಾಲ್ಕುನೂರು ವರ್ಷದ ಹಿಂದೆಯೇ ಈ ಕಣಿವೆಗೆ ಗೊತ್ತಿತ್ತು!

ಅಡಿಕೆ ಬೆಳೆಗಾರರನ್ನು ಬೈಯುವುದು ಸುಲಭ, ಬೆಂಗಳೂರಿನಲ್ಲಿ ಕೂತವರಿಗಂತೂ ಇನ್ನೂ ಸುಲಭ. ನಾನು ಬೈಯಲಾರೆ. ಕಪ್ಪೆಯನ್ನು ಕಾಡುವ ಅದೇ ಮಳೆ ಅವರನ್ನೂ ಕಾಡುತ್ತಿದೆ. ಬಿಡದೆ ಹೊಯ್ದರೆ ಕೊಳೆರೋಗ, ಬೋರ್ಡೋ ಮಿಶ್ರಣ ಹೊಡೆಯಲು ಒಂದು ದಿನದ ಹೊಳವೂ ಸಿಗದೆ ಹಸಿ ಅಡಿಕೆ ಉದುರುತ್ತದೆ. ಅದರ ಮೇಲೆ ಎಲೆಚುಕ್ಕೆ ರೋಗ ಬಂದು ಮಲೆನಾಡಿನ ತೋಟಗಳ ಹಸುರನ್ನೇ ನುಂಗುತ್ತಿದೆ. ಬೇಸಿಗೆಯಲ್ಲಿ ಅಬ್ಬಿ ಬತ್ತಿ ಮರ ಸೊರಗುತ್ತದೆ. ಉಡುಪಿಯಲ್ಲಿ 2019ರಲ್ಲಿ ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡಿಸಿದರು, ಪತ್ರಿಕೆಯ ಓದುಗರು ನಕ್ಕರು. ನಗುವುದೇನಿದೆ? ಮಳೆಗೂ ಕಪ್ಪೆಗೂ ಊಟಕ್ಕೂ ನಂಟಿದೆ ಎಂದು ತಿಳಿದವರ ಆಚರಣೆ ಅದು. ಕಪ್ಪೆಯ ಮನೆಯನ್ನೂ ಉಳಿಸಿಕೊಟ್ಟಿದ್ದರೆ ಮದುವೆ ಇನ್ನಷ್ಟು ಚೆನ್ನಾಗಿರುತ್ತಿತ್ತು.

ಕತ್ತಲೆಕಾನು ಸೇರಿದ ಶರಾವತಿ ಕಣಿವೆ ಈಗ ಇನ್ನೂ ವಿಚಿತ್ರವಾದ ಕವಲಿನಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡು, ಊರು, ಎದ್ದುಹೋದ ಸಂಸಾರಗಳ ಕಣ್ಣೀರು ಇನ್ನೂ ಆರಿಲ್ಲ. 2019ರಲ್ಲಿ ಅಘನಾಶಿನಿಯ ಕಡೆಯ ಕಾಡನ್ನೂ ಸೇರಿಸಿ 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯ ಘೋಷಣೆಯಾಯಿತು. ಸರಿ, ಒಳ್ಳೆಯದಾಯಿತು ಎನ್ನುವಷ್ಟರಲ್ಲಿ ಅದರ ಹೊಟ್ಟೆಯೊಳಗೇ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಮುಂದೆ ಬಂತು. ವಿದ್ಯುತ್ ಹೆಚ್ಚಿದ್ದಾಗ ಗೇರುಸೊಪ್ಪೆ ಜಲಾಶಯದ ನೀರನ್ನು ಸುರಂಗದಲ್ಲಿ ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ಮಾಡುವುದು. ಇದಕ್ಕೆ ಕೊಡುವ ಕಾರಣವನ್ನು ಗಮನಿಸಿ: ಸೌರ ವಿದ್ಯುತ್ತನ್ನು ಕೂಡಿಡಬೇಕು, ಕಲ್ಲಿದ್ದಲು ಬಿಡಬೇಕು, ಹವಾಮಾನ ಉಳಿಸಬೇಕು! ಕಾರಣ ಸುಳ್ಳಲ್ಲ. ಕೂಡಿಡುವ ವ್ಯವಸ್ಥೆಯಿಲ್ಲದೆ ಸೂರ್ಯನನ್ನು ನೆಚ್ಚಲಾಗದು. ಆದರೆ ಹವಾಮಾನಕ್ಕೆ ಮದ್ದು ಅರೆಯಲು, ಕೋಟ್ಯಂತರ ವರ್ಷಗಳಿಂದ ನೀರನ್ನೂ ಇಂಗಾಲವನ್ನೂ ಕೂಡಿಟ್ಟ ಕಣಿವೆಯನ್ನೇ ಅಗೆಯಬೇಕೇ? ಅಗಲಿಸಿದ ರಸ್ತೆ, ಸ್ಫೋಟ, ಮಣ್ಣಿನ ರಾಶಿ ಇವೆಲ್ಲ ಕೊನೆಗೆ ಇಳಿಯುವುದು ತಳದ ಹಳ್ಳಕ್ಕೇ. ಜಾಗ ತಪ್ಪಾಗಿದೆ ಎಂಬುದು ನನ್ನ ತೀರ್ಮಾನ. ಗೇರುಸೊಪ್ಪೆಯ ಸುತ್ತಿನ ಜನ ಬೇಡವೆಂದು ಬೀದಿಗಿಳಿದದ್ದು ಸರಿಯಾಗಿಯೇ ಇದೆ.

ಒಂದು ಖುಷಿಯ ಸಂಗತಿ ಹೇಳದೆ ಮುಗಿಸಲಾರೆ. ಜಡ್ಡಿಯನ್ನು ಮತ್ತೆ ಎಬ್ಬಿಸಬಹುದು! ಶಿರಸಿಯ ಅರಣ್ಯ ಕಾಲೇಜಿನವರು ಕತ್ತಲೆಕಾನಿನ ಆ ಅಪರೂಪದ ಮರದ ಬದುಕನ್ನೂ ಜಡ್ಡಿಯ ಇತರ ಮರಗಳನ್ನೂ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಬೀಜ ಒಣಗುವ ಮುನ್ನ ಆರಿಸಿ, ನೆರಳಿನ ಒದ್ದೆ ಪಾತಿಯಲ್ಲಿ ಮೊಳೆಯಿಸಿದರೆ ಸಸಿ ಬರುತ್ತದೆ. ಪಾಳುಬಿದ್ದ ಹಡ್ಲು ಗದ್ದೆಗಳು ಮಲೆನಾಡಿನಲ್ಲಿ ಈಗ ಎಷ್ಟೊಂದಿವೆ, ನಾಟಿಗೆ ಆಳಿಲ್ಲದೆ ಬಿಟ್ಟವು. ಅವುಗಳ ಅರ್ಧ ಹಿಂದೆ ಜಡ್ಡಿಯೇ ಆಗಿದ್ದಿರಬೇಕು. ಬಸಿಗಾಲುವೆಯ ಬಾಯಿಗೆ ನಾಲ್ಕು ಬುಟ್ಟಿ ಮಣ್ಣು ಹಾಕಿದರೆ ನೀರು ತಾನಾಗಿ ನಿಲ್ಲುತ್ತದೆ.

ಈ ಮಳೆಗಾಲದಲ್ಲಿ ರಾತ್ರಿ ಅಂಗಳದ ದೀಪ ಆರಿಸಿ ಕಪ್ಪೆಗಳ ದನಿ ಕೇಳಿ. ಪರಿಚಯವಿಲ್ಲದ ಕೂಗು ಕೇಳಿದರೆ ಮೊಬೈಲಿನಲ್ಲಿ ಹಿಡಿದು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ಲಿಗೆ ಹಾಕಿ, ತಿಳಿದವರು ಹೆಸರು ಹೇಳುತ್ತಾರೆ, ಹೆಸರೇ ಇಲ್ಲದ್ದೂ ಇರಬಹುದು. ಫೋಟೋದ ಆಸೆಗೆ ಹಳ್ಳಕ್ಕೆ ಇಳಿಯಬೇಡಿ, ಕೆಸರಿನ ಮುದ್ದೆಯನ್ನು ಮುಟ್ಟಬೇಡಿ. ನಿಮ್ಮ ತೋಟದ ಮೇಲ್ಬದಿಯಲ್ಲಿ ಮೊಣಕಾಲು ಬೇರಿನ ಮರಗಳು ನಿಂತ ಒದ್ದೆ ತಗ್ಗೊಂದು ಉಳಿದಿದ್ದರೆ ಅಲ್ಲಿ ಹೊಸ ಬಸಿಗಾಲುವೆ ತೋಡಿಸಬೇಡಿ. ಕೆಂಪು ಪತ್ರೆಯ ಬೀಜ ಬಿದ್ದದ್ದು ಕಂಡರೆ ಆರಿಸಿ, ಅದೇ ವಾರ ಒದ್ದೆ ಮಣ್ಣಿಗೆ ಹಾಕಿ. ಮುಂದಿನ ವಾರಕ್ಕೆ ಅದು ಸತ್ತಿರುತ್ತದೆ.